ಹೊಗೆಮನೆಯಲ್ಲಿ ಒಣಗಿದ ಲಂಗ

ಹೊಗೆ ಹಾಕಿದ ರಬ್ಬರ್ ಶೀಟಿನ ವಾಸನೆಯನ್ನು ಗೊತ್ತಿಲ್ಲದವರಿಗೆ ಹೇಳಿ ತಿಳಿಸುವುದು ಕಷ್ಟ. ಹುಳಿ ಬಂದ ಹಾಲು, ತೆಂಗಿನ ಸಿಪ್ಪೆಯ ಹೊಗೆ, ಮಳೆಯಲ್ಲಿ ನೆಂದ ಚರ್ಮದ ಚಪ್ಪಲಿ, ಇಷ್ಟನ್ನೂ ಒಂದೇ ಚೀಲದಲ್ಲಿ ಕಟ್ಟಿಟ್ಟು ವಾರ ಬಿಟ್ಟು ಬಾಯಿ ಬಿಚ್ಚಿದರೆ ಹೇಗಿರುತ್ತದೋ ಹೆಚ್ಚುಕಡಿಮೆ ಹಾಗೆ. ಕಳೆದ ಮಳೆಗಾಲದಲ್ಲಿ ಮಗಳ ಶಾಲೆಯ ಪೋಷಕರ ಸಭೆ ಮುಗಿಸಿ ಪುತ್ತೂರು ಪೇಟೆಯಲ್ಲಿ ರಸ್ತೆ ದಾಟಲು ನಿಂತಿದ್ದೆ. ಕಡಬದ ಕಡೆಯಿಂದ ಬಂದ ಪಿಕಪ್ ಒಂದು ಗಾಡಿಗಳ ನಡುವೆ ಸಿಕ್ಕಿಕೊಂಡು ನನ್ನೆದುರಿಗೇ ನಿಂತಿತು. ಟರ್ಪಾಲಿನ ಒಂದು ಮೂಲೆ ಬಿಚ್ಚಿ ಗಾಳಿಗೆ ಬಡಿದುಕೊಳ್ಳುತ್ತಿತ್ತು. ಒಳಗೆ ಕಂದು ಬಣ್ಣದ ಶೀಟಿನ ಕಟ್ಟುಗಳು. ಪಕ್ಕದಲ್ಲಿ ನಿಂತಿದ್ದ ಹೆಂಗಸು ಸೆರಗನ್ನು ಮೂಗಿಗೊತ್ತಿಕೊಂಡು, "ಎಂತ ನಾತ ಮಾರಾಯ್ರೆ, ಇದನ್ನು ಪೇಟೆಯೊಳಗೆ ಯಾಕೆ ಬಿಡುದು?" ಎಂದರು. ನಾನು ಎದೆ ತುಂಬ ಉಸಿರೆಳೆದುಕೊಂಡು ನಿಂತೇ ಇದ್ದೆ. ಆ ವಾಸನೆಯಲ್ಲಿ ನಮ್ಮ ಮನೆಯಿತ್ತು, ಅಮ್ಮ ಇದ್ದಳು, ನನ್ನ ಅಕ್ಕ ಲಿಸ್ಸಿ ಚೇಚಿ ಇದ್ದಳು. ಪಿಕಪ್ ಹೋದ ಮೇಲೂ ರಸ್ತೆ ದಾಟಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

ನಮ್ಮ ಮನೆ ಕಡಬಕ್ಕೂ ನೆಲ್ಯಾಡಿಗೂ ನಡುವೆ ಒಂದು ಗುಡ್ಡದ ಮೇಲಿತ್ತು. ಅಜ್ಜ ಕೇರಳದಿಂದ ಬಂದು ಕಾಡು ಕಡಿದು ನೆಟ್ಟ ರಬ್ಬರ್ ನಮ್ಮ ಅಂಗಳದವರೆಗೂ ಬಂದು ನಿಂತಿತ್ತು. ಮನೆಗಿಂತ ಮೊದಲು ಕಣ್ಣಿಗೆ ಬೀಳುತ್ತಿದ್ದದ್ದು ಹೊಗೆಮನೆ. ಕಿಟಕಿಯಿಲ್ಲದ, ಮಣ್ಣಿನ ಗೋಡೆಯ, ಗೂಡಿನಂಥ ಕೋಣೆ ಅದು. ಒಳಗೆ ಒಂದರ ಮೇಲೊಂದು ಬಿದಿರಿನ ಗಳುಗಳು, ಕೆಳಗೆ ನೆಲದಲ್ಲಿ ಬೆಂಕಿಯ ಗುಂಡಿ. ಬೆಳಿಗ್ಗೆ ಚಾಚನ್, ಎಂದರೆ ನಮ್ಮ ಅಪ್ಪ, ಮರಗಳಿಗೆ ಕತ್ತಿಯಾಡಿಸಿ ಹಾಲು ತಂದು ತಟ್ಟೆಗಳಿಗೆ ಹೊಯ್ದು ಆಸಿಡ್ ಬೆರೆಸುತ್ತಿದ್ದರು. ಅದು ಹೆಪ್ಪುಗಟ್ಟಿದ ಮೇಲೆ ಮಿಷನ್ನಿನ ಉರುಳೆಗಳ ನಡುವೆ ತೂರಿಸಿ ಚಾಪೆ ಮಾಡುವುದು ನಮ್ಮೆಲ್ಲರ ಕೆಲಸ. ಆಮೇಲಿನ ಪಾಲು ಅಮ್ಮನದು. ಅವಳು ಹಸಿ ಶೀಟುಗಳನ್ನು ಗಳುವಿಗೆ ಹಾಕಿ, ಗುಂಡಿಗೆ ತೆಂಗಿನ ಸಿಪ್ಪೆ, ಗೆರಟೆ ತುಂಬಿ, ಉರಿ ಏಳದಂತೆ ಬರೇ ಹೊಗೆ ಏಳುವಂತೆ ಕಾಯುತ್ತಿದ್ದಳು. ಹಾಲಿನಂತೆ ಬೆಳ್ಳಗಿದ್ದ ಶೀಟು ದಿನ ಹೋದಂತೆ ಜೇನಿನ ಬಣ್ಣಕ್ಕೆ ತಿರುಗುತ್ತಿತ್ತು. ಬೆಳಕಿಗೆ ಹಿಡಿದರೆ ಆಚೆ ನಿಂತವರ ಮುಖ ಕಾಣಬೇಕು, ಆಗಲೇ ಅದು ಒಳ್ಳೆಯ ಶೀಟು ಎಂದು ಚಾಚನ್ ಹೇಳುತ್ತಿದ್ದರು. ನಾನೂ ಚೇಚಿಯೂ ಶೀಟಿನ ಆಚೆ ಈಚೆ ನಿಂತು ನಾಲಗೆ ಚಾಚಿ ಅಣಕಿಸಿಕೊಳ್ಳುತ್ತಿದ್ದೆವು.

ಮಳೆಗಾಲದಲ್ಲಿ ಆ ಕೋಣೆಗೆ ಇನ್ನೊಂದು ಕೆಲಸವಿತ್ತು. ಜೂನ್ ಬಂತೆಂದರೆ ನಮ್ಮ ಕಡೆ ಬಟ್ಟೆ ಒಣಗುವ ಆಸೆಯನ್ನೇ ಬಿಡಬೇಕು. ಒಗೆದು ಹಾಕಿದ ಅಂಗಿ ಮೂರು ದಿನ ಬಿಟ್ಟು ಮುಟ್ಟಿದರೂ ತಣ್ಣಗೆ, ಕೈಗೆ ಬೂಷ್ಟು. ರಬ್ಬರ್ ಇದ್ದ ಮನೆಗಳಲ್ಲಿ ಮಾತ್ರ ಈ ಚಿಂತೆ ಇರಲಿಲ್ಲ. ಹೊಗೆಮನೆಯ ಮೇಲಿನ ಗಳುವೊಂದನ್ನು ಬಟ್ಟೆಗೆಂದು ಬಿಟ್ಟರಾಯಿತು. ಸಂಜೆ ಶಾಲೆಯಿಂದ ನೆಂದು ಬಂದ ನೀಲಿ ಲಂಗ, ಬಿಳಿ ಅಂಗಿಯನ್ನು ಅಮ್ಮ ಒಗೆದು, ಹಿಂಡಿ, ಶೀಟುಗಳ ಮೇಲಿನ ಸಾಲಿಗೆ ನೇತು ಹಾಕುತ್ತಿದ್ದಳು. ಬೆಳಿಗ್ಗೆ ಅದು ಗರಿಗರಿಯಾಗಿ, ಬೆಚ್ಚಗೆ ಕೈಗೆ ಬರುತ್ತಿತ್ತು. ಹೊಗೆಗೆ ಹೇನು ಬರುವುದಿಲ್ಲ, ಬೂಷ್ಟು ಹಿಡಿಯುವುದಿಲ್ಲ, ಮಕ್ಕಳಿಗೆ ಶೀತವಾಗುವುದಿಲ್ಲ ಎಂಬುದು ಅವಳ ನಂಬಿಕೆ. ವಾಸನೆಯ ಮಾತು ನಮ್ಮಲ್ಲಿ ಬರಲೇ ಇಲ್ಲ. ಭಾನುವಾರ ಇಗರ್ಜಿಯಲ್ಲಿ, ಎಂದರೆ ಚರ್ಚಿನಲ್ಲಿ, ಪೂಜೆಗೆ ನಿಂತ ಅರ್ಧ ಜನರ ಬಟ್ಟೆಗೂ ಅದೇ ವಾಸನೆ. ನಮಗೆ ಅದು ವಾಸನೆಯೇ ಆಗಿರಲಿಲ್ಲ, ಒಣಗಿದ ಬಟ್ಟೆ ಹಾಗೆಯೇ ಇರುವುದು ಎಂದುಕೊಂಡಿದ್ದೆವು.

ಲಿಸ್ಸಿ ಚೇಚಿ ನನಗಿಂತ ಮೂರು ಕ್ಲಾಸು ದೊಡ್ಡವಳು. ನಮ್ಮ ಮನೆಯಲ್ಲಿ ಮಲಯಾಳ, ಶಾಲೆಯ ಅಂಗಳದಲ್ಲಿ ತುಳು, ಪಾಠದಲ್ಲಿ ಕನ್ನಡ. ನಾವೆಲ್ಲ ಮೂರನ್ನೂ ಕಲಸಿ ಹೇಗೋ ದಿನ ದೂಡುತ್ತಿದ್ದರೆ, ಅವಳಿಗೆ ಮಾತ್ರ ಕನ್ನಡದ ಮೇಲೆ ವಿಪರೀತ ಪ್ರೀತಿ. ಕಡಬದ ಅಂಗಡಿಯಿಂದ ಸಾಮಾನು ಕಟ್ಟಿಕೊಂಡು ಬಂದ ಪೇಪರಿನ ತುಂಡುಗಳನ್ನು ನೀವಿ, ನೆರಿಗೆ ಬಿಡಿಸಿ, ಅರ್ಧಕ್ಕೆ ಹರಿದುಹೋದ ಕತೆಗಳನ್ನು ಓದಿ, ಉಳಿದರ್ಧವನ್ನು ತಾನೇ ಕಟ್ಟಿ ಹೇಳುತ್ತಿದ್ದಳು. ಮಳೆಗಾಲದಲ್ಲಿ ಅವಳು ಓದಲು ಕೂರುತ್ತಿದ್ದದ್ದು ಹೊಗೆಮನೆಯ ಬಾಗಿಲಲ್ಲಿ. ಅದೊಂದೇ ಬೆಚ್ಚಗಿನ ಜಾಗ. ಅಮ್ಮ ಒಳಗೆ ಗುಂಡಿಗೆ ಸಿಪ್ಪೆ ಹಾಕುತ್ತಿದ್ದರೆ ಚೇಚಿ ಹೊಸ್ತಿಲ ಮೇಲೆ ಕಾಲು ಮಡಚಿ ಕೂತು ದೊಡ್ಡದಾಗಿ ಪದ್ಯ ಓದುತ್ತಿದ್ದಳು. ಅಮ್ಮನಿಗೆ ಅರ್ಥವಾಗುತ್ತಿದ್ದದ್ದು ಅಷ್ಟಕ್ಕಷ್ಟೆ, ಆದರೂ ಪ್ರತಿ ಪದ್ಯಕ್ಕೂ ತಲೆಯಾಡಿಸುತ್ತಿದ್ದಳು. "ನಾನು ಕನ್ನಡ ಟೀಚರ್ ಆಗುದು" ಎಂದು ಚೇಚಿ ಎಲ್ಲರೆದುರೂ ಹೇಳುತ್ತಿದ್ದಳು. ನಮ್ಮ ಕಡೆಯ ಹುಡುಗಿಯರೆಲ್ಲ ನರ್ಸಿಂಗಿಗೆ ಹೋಗುವವರು. ಚಾಚನ್‌ಗೆ ಅದು ತಮಾಷೆಯಾಗಿಯೂ ಹೆಮ್ಮೆಯಾಗಿಯೂ ಕಾಣುತ್ತಿತ್ತು. "ಕೇರಳದಿಂದ ಬಂದವರ ಮಗಳು ಇಲ್ಲಿಯವರಿಗೆ ಕನ್ನಡ ಕಲಿಸುದಂತೆ" ಎಂದು ಬಂದವರೆದುರು ನಗುತ್ತಿದ್ದರು. ಅವಳಿಗೆ ಶಾಲೆ ಬಿಟ್ಟರೆ ಬೇರೆ ಆಸೆಯೇ ಇರಲಿಲ್ಲ ಎಂಬುದನ್ನು ನೀವು ನೆನಪಿಟ್ಟುಕೊಳ್ಳಬೇಕು, ಯಾಕೆಂದರೆ ಹೋದದ್ದು ಅದೇ.

ಎಂಟನೇ ಕ್ಲಾಸಿಗೆ ಅವಳು ಹೈಸ್ಕೂಲಿಗೆ ಬಂದಳು. ಪ್ರೈಮರಿ, ಹೈಸ್ಕೂಲು ಎರಡೂ ಒಂದೇ ಕಂಪೌಂಡಿನೊಳಗೆ ಇದ್ದದ್ದರಿಂದ ನಾವು ಒಟ್ಟಿಗೇ ಹೋಗುತ್ತಿದ್ದೆವು. ಅವಳ ಬೆಂಚಿನಲ್ಲಿ ಪಕ್ಕದಲ್ಲಿ ಕೂರುತ್ತಿದ್ದವಳು ಪ್ರಿನ್ಸಿ. ನಾವು ಶೀಟು ಮಾರುತ್ತಿದ್ದ ಅಂಗಡಿಯ ಯಜಮಾನರ ಮಗಳು, ನಮ್ಮದೇ ಇಗರ್ಜಿಯವಳು, ಭಾನುವಾರದ ಧರ್ಮಪಾಠಕ್ಕೂ ಒಟ್ಟಿಗೆ ಬರುತ್ತಿದ್ದವಳು. ಜೋರು ಮಳೆಯ ಒಂದು ದಿನ, ಕಿಟಕಿ ಬಾಗಿಲು ಮುಚ್ಚಿದ ಕ್ಲಾಸಿನಲ್ಲಿ, ಹಿಂದಿನ ಬೆಂಚಿನವಳೊಬ್ಬಳು ಎಂತದೋ ನಾತ ಎಂದಳಂತೆ. ಎಲ್ಲರೂ ಮೂಗು ಹಿಡಿದು ಆಚೀಚೆ ನೋಡಿದರಂತೆ. ಆಗ ಪ್ರಿನ್ಸಿ ಬೆಂಚಿನ ತುದಿಗೆ ಸರಿದು ಕೂತು ಒಂದೇ ಶಬ್ದ ಹೇಳಿದಳಂತೆ: "ಒಟ್ಟುಪಾಲು." ಒಟ್ಟುಪಾಲು ಎಂದರೆ ಮರದ ಗಾಯದ ಮೇಲೆ, ಹಾಲು ಹಿಡಿಯಲು ಮರಕ್ಕೆ ಕಟ್ಟಿದ ಗೆರಟೆಯ ತಳದಲ್ಲಿ ಒಣಗಿ ಅಂಟಿಕೊಂಡ ಚೂರು ರಬ್ಬರ್. ಗೋಣಿಯಲ್ಲಿ ತುಂಬಿಟ್ಟರೆ ಅದು ಕೊಳೆತು ಹಿತ್ತಲನ್ನೇ ಎಬ್ಬಿಸುತ್ತದೆ. ಪ್ರಿನ್ಸಿಗೆ ಆ ಹೆಸರು ಗೊತ್ತಿದ್ದದ್ದು ಅವಳ ಮನೆಯ ಗೋಡೌನಿನಲ್ಲೂ ಅದೇ ತುಂಬಿದ್ದರಿಂದ. ತನ್ನ ಮೇಲೆ ಬರುವ ಮೊದಲು ಇನ್ನೊಬ್ಬಳ ಮೇಲೆ ಎತ್ತಿ ಹಾಕಿದಳು ಎಂದು ಈಗ ನನಗೆ ಅನಿಸುತ್ತದೆ. ಮಕ್ಕಳಿಗೆ ಇಂಥ ಬುದ್ಧಿಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ವಾರದೊಳಗೆ ಅದು ಅವಳ ಹೆಸರಾಯಿತು. ಮಲಯಾಳದ ಶಬ್ದ, ಅರ್ಥ ಗೊತ್ತಿಲ್ಲದ ಮಕ್ಕಳ ಬಾಯಲ್ಲೂ ಸಲೀಸಾಗಿ ಹೊರಳಿತು. ಅವಳ ಚೀಲ ಮುಟ್ಟಿದವರು ಓಡಿ ಇನ್ನೊಬ್ಬರನ್ನು ಮುಟ್ಟಬೇಕು, ಅವರು ಮತ್ತೊಬ್ಬರನ್ನು. ಊಟದ ಬಿಡುವಿನಲ್ಲಿ ಇಡೀ ಅಂಗಳ ಆ ಆಟದಲ್ಲಿ ಕಿರಿಚಾಡುತ್ತಿತ್ತು, ಅವಳೊಬ್ಬಳು ಆಟದಲ್ಲಿರಲಿಲ್ಲ. ಒಮ್ಮೆ ಅವಳ ಪುಸ್ತಕದ ನಡುವೆ ಊದುಬತ್ತಿ ಸಿಕ್ಕಿಸಿದ್ದರು. ಇನ್ನೊಮ್ಮೆ ಅವಳು ಪದ್ಯ ಓದಲು ಎದ್ದು ನಿಂತಾಗ ಹಿಂದಿನಿಂದ ಅಂಗಿಯ ಮೇಲೆ ಪೌಡರ್ ಸುರಿದರು. ನಗುವಿನ ನಡುವೆಯೂ ಅವಳು ಪದ್ಯವನ್ನು ಪೂರ್ತಿ ಓದಿದಳು ಎಂದು ಆಮೇಲೆ ಯಾರೋ ಹೇಳಿದರು. ಇದನ್ನೆಲ್ಲ ಮಾಡಿದವರು ಕೆಟ್ಟ ಮಕ್ಕಳಲ್ಲ. ಮಳೆಗೆ ಕೊಡೆ ಹಂಚಿಕೊಳ್ಳುತ್ತಿದ್ದವರು, ಮನೆಯಿಂದ ತಂದ ಪುನರ್ಪುಳಿ ಒಬ್ಬರಿಗೊಬ್ಬರು ಕೊಡುತ್ತಿದ್ದವರು. ಅದನ್ನು ನೆನೆದರೇ ನನಗೆ ಹೆಚ್ಚು ಭಯವಾಗುವುದು.

ಚೇಚಿ ಮನೆಯಲ್ಲಿ ಬಾಯಿ ಬಿಡಲಿಲ್ಲ. ಸಂಜೆ ಯೂನಿಫಾರಂ ಅನ್ನು ಅಮ್ಮನ ಕೈಗೆ ಕೊಡುವುದನ್ನು ನಿಲ್ಲಿಸಿದಳು. ತಾನೇ ಒಗೆದು, ಲಿಂಬೆ ಎಲೆ ಜಜ್ಜಿ ಹಾಕಿದ ನೀರಲ್ಲಿ ಅದ್ದಿ, ಮಲಗುವ ಕೋಣೆಯ ಕಿಟಕಿಗೆ ಕಟ್ಟುತ್ತಿದ್ದಳು. ಬೆಳಿಗ್ಗೆ ಅದು ಹಾಗೆಯೇ ಒದ್ದೆ. ಒದ್ದೆಯನ್ನೇ ಹಾಕಿಕೊಂಡು ಗುಡ್ಡ ಇಳಿಯುತ್ತಿದ್ದಳು. ಅವಳ ಬೆನ್ನಿಗೆ ಅಂಗಿ ಅಂಟಿಕೊಂಡು, ತುಟಿ ನೀಲಿಯಾಗಿ, ಹಲ್ಲು ಕಟಕಟ ಎನ್ನುತ್ತಿದ್ದದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದೆ. ಆಗಸ್ಟಿನಲ್ಲಿ ಜ್ವರ ಬಂತು, ಕೆಮ್ಮು ನಿಲ್ಲಲಿಲ್ಲ. ಅಮ್ಮನಿಗೆ ಕಾರಣ ಗೊತ್ತಿಲ್ಲ, ಮಗಳ ಹಟ ಎಂದುಕೊಂಡಳು. "ಒದ್ದೆ ಹಾಕಿ ಸಾಯ್ಲಿಕ್ಕುಂಟಾ ಮೋಳೆ ನಿಂಗೆ? ನಾನಿಲ್ವಾ ಒಣಗಿಸಿ ಕೊಡ್ಲಿಕ್ಕೆ?" ಎಂದು ಬೈದಳು; ಮೋಳೆ ಎಂದರೆ ಮಗಳೇ. ಚೇಚಿ ನಿದ್ದೆ ಹೋದ ಮೇಲೆ ಆ ಲಂಗ ಅಂಗಿಯನ್ನು ಕಿಟಕಿಯಿಂದ ಬಿಚ್ಚಿ ಹೊಗೆಮನೆಗೆ ಒಯ್ದು, ಬೆಂಕಿಗೆ ಹತ್ತಿರ ಇರಲೆಂದು ಕೆಳಗಿನ ಗಳುವಿಗೇ ಹಾಕಿ, ಗುಂಡಿಗೆ ಇನ್ನಷ್ಟು ಸಿಪ್ಪೆ ತುಂಬಿದಳು. ಬೆಳಿಗ್ಗೆ ಮತ್ತೆ ಕಿಟಕಿಯಲ್ಲಿ ತಂದಿಟ್ಟಳು. ಒಣಗಿದ್ದನ್ನು ಕಂಡು ಚೇಚಿಗೆ ಸಮಾಧಾನ, ವಾಸನೆಯೂ ಬರಲಿಲ್ಲ, ಲಿಂಬೆ ಎಲೆ ಕೆಲಸ ಮಾಡಿತೆಂದುಕೊಂಡಳು. ಜ್ವರದಿಂದ ಅವಳ ಮೂಗು ಕಟ್ಟಿತ್ತು. ನಗುತ್ತ ಶಾಲೆಗೆ ಹೋದಳು.

ಅವತ್ತು ಮಧ್ಯಾಹ್ನ ಅವಳು ಊಟದ ಡಬ್ಬಿ ಹಿಡಿದುಕೊಂಡು ಶೌಚಾಲಯದ ಹಿಂದೆ ಕೂತಿದ್ದದ್ದು ನನ್ನ ಕಣ್ಣಿಗೆ ಬಿತ್ತು. ನಾನು ಮನೆಗೆ ಬಂದು ಎಲ್ಲವನ್ನೂ ಅಮ್ಮನಿಗೆ ಹೇಳಿದೆ. ಅಮ್ಮನಿಗೆ ಮೊದಲು ಅರ್ಥವೇ ಆಗಲಿಲ್ಲ. ನಮ್ಮ ಮನೆಗಳಲ್ಲಿ ಶೀಟಿನ ದುಡ್ಡು ಗಂಡಸರದು, ಒಟ್ಟುಪಾಲಿನದು ಹೆಂಗಸರದು, ಅದು ಕ್ರಮ. ಮರದಿಂದ ಮರಕ್ಕೆ ಬಗ್ಗಿ ಅವಳು ಹೆಕ್ಕಿ ಸೇರಿಸಿದ ಒಟ್ಟುಪಾಲು ಮಾರಿಯೇ ಚೇಚಿಯ ಹೊಸ ಯೂನಿಫಾರಂ ಹೊಲಿಸಿದ್ದಳು. "ಅದರಲ್ಲಿ ಬೈಲಿಕ್ಕೆ ಎಂತ ಉಂಟು?" ಎಂದು ನನ್ನನ್ನೇ ಕೇಳಿದಳು. ನಾನು ಮೂಗು ಹಿಡಿದು ತೋರಿಸಿದೆ. ಅಮ್ಮ ತನ್ನ ಎರಡೂ ಅಂಗೈಯನ್ನು ಮುಖದ ಹತ್ತಿರ ತಂದು ಮೂಸಿ ನೋಡಿಕೊಂಡಳು. ಆ ಅಭ್ಯಾಸ ಅವಳಿಗೆ ಸಾಯುವವರೆಗೂ ಉಳಿಯಿತು.

ಚಾಚನ್ ಶಾಲೆಗೆ ಹೋಗಲು ಹಿಂದೆಮುಂದೆ ನೋಡಿದರು. ನಾವು ಹೊರಗಿನಿಂದ ಬಂದವರು, ಊರಿನವರ ಮೇಲೆ ದೂರು ಹೇಳುವುದು ಸರಿಯಲ್ಲ ಎಂಬುದು ಅವರ ಮನಸ್ಸಿನೊಳಗೆ ಗಟ್ಟಿಯಾಗಿ ಕೂತಿತ್ತು. ಅದೂ ಅಲ್ಲದೆ ಹೆಸರು ಇಟ್ಟವಳು ಪ್ರಿನ್ಸಿ, ಶೀಟನ್ನು ಬೆಳಕಿಗೆ ಹಿಡಿದು ಇದು ಯಾವ ಗ್ರೇಡು ಎಂದು ತೀರ್ಮಾನಿಸುವವರು ಅವಳ ಅಪ್ಪ. ಕೊನೆಗೆ ಅಮ್ಮನ ಕಾಟ ತಡೆಯಲಾರದೆ ಬಿಳಿ ಮುಂಡು ಉಟ್ಟು ಹೋದರು. ಹೆಡ್‌ಮಾಸ್ಟ್ರು ಒಳ್ಳೆಯವರು. ಕೂರಿಸಿ ಚಾ ತರಿಸಿದರು. ಮಕ್ಕಳಿಗೆ ಹೊಡೆದರೆ ದ್ವೇಷ ಬೆಳೆಯುತ್ತದೆ, ತಿಳಿವಳಿಕೆ ಕೊಡಬೇಕು ಎಂದರು. "ನಾಳೆ ಪ್ರಾರ್ಥನೆಯ ಹೊತ್ತಿಗೆ ಒಂದು ಒಳ್ಳೆ ಶೀಟು ತನ್ನಿ. ರಬ್ಬರ್ ಅಂದ್ರೆ ಎಂತ ಅಂತ ಮಕ್ಕಳಿಗೆ ನಾನು ಹೇಳ್ತೇನೆ. ಒಮ್ಮೆ ಗೊತ್ತಾದ್ರೆ ಮತ್ತೆ ಯಾರೂ ತಮಾಷೆ ಮಾಡುದಿಲ್ಲ." ಚಾಚನ್ ಕುಣಿಯುತ್ತ ಮನೆಗೆ ಬಂದರು. ಹೊಗೆಮನೆಯಲ್ಲಿದ್ದ ಶೀಟುಗಳನ್ನೆಲ್ಲ ಒಂದೊಂದಾಗಿ ಬೆಳಕಿಗೆ ಹಿಡಿದು, ಎಲ್ಲಕ್ಕಿಂತ ತಿಳಿಯಾದುದನ್ನು ಆರಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಮಡಚಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟರು. ಚೇಚಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಬೇಡ ಚಾಚಾ," ಎಂದಳು. ಇನ್ನೊಮ್ಮೆ ಹೇಳಿದಳು. ಅವರು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಯಾರೋ ತಮ್ಮ ಕೆಲಸವನ್ನು ಮಕ್ಕಳಿಗೆ ಪಾಠ ಮಾಡುತ್ತಾರೆಂಬ ಸಂತೋಷ ಅವರಿಗೆ.

ಮರುದಿನ ಮಳೆ ಸ್ವಲ್ಪ ಬಿಟ್ಟಿತ್ತು. ಎಲ್ಲ ಕ್ಲಾಸಿನವರೂ ಅಂಗಳದಲ್ಲಿ ಸಾಲಾಗಿ ನಿಂತಿದ್ದೆವು. ಹೆಡ್‌ಮಾಸ್ಟ್ರು ಚೇಚಿಯನ್ನು ಜಗಲಿಯ ಮೇಲೆ ಕರೆದು ಶೀಟನ್ನು ಅವಳ ಕೈಗೇ ಕೊಟ್ಟರು. ಎರಡೂ ಕೈಯಲ್ಲಿ ಎತ್ತಿ ಹಿಡಿಯಲು ಹೇಳಿದರು. ನಿಮ್ಮ ಚಪ್ಪಲಿ, ನಿಮ್ಮ ಚೆಂಡು, ತಪ್ಪು ಅಳಿಸುವ ರಬ್ಬರ್, ಬಸ್ಸಿನ ಟೈರು ಎಲ್ಲ ಇದರಿಂದಲೇ ಆದದ್ದು, ಲಿಸ್ಸಿಯ ತಂದೆಯವರು ದೇಶಕ್ಕೆ ದೊಡ್ಡ ಉಪಕಾರ ಮಾಡುತ್ತಿದ್ದಾರೆ ಎಂದು ತುಂಬ ಚೆನ್ನಾಗಿ ಮಾತಾಡಿದರು. ಶೀಟಿನ ಹಿಂದೆ ಚೇಚಿಯ ಮುಖ ಜೇನಿನ ಬಣ್ಣದಲ್ಲಿ ಮಸುಕಾಗಿ ಕಾಣುತ್ತಿತ್ತು. ಮಾತು ಮುಗಿದ ಮೇಲೆ ಶೀಟನ್ನು ಕೆಳಗಿಡಿಸಿ, ಅವಳ ಕ್ಲಾಸಿನವರೆಲ್ಲ ಒಬ್ಬೊಬ್ಬರಾಗಿ ಬಂದು ಕೈ ಕುಲುಕಿ "ಸಾರಿ" ಹೇಳಬೇಕೆಂದರು. ಸಾಲು ಹೊರಟಿತು. ಮೊದಲಿಗೆ ಪ್ರಿನ್ಸಿ. ಅವಳು ಜಗಲಿಯ ಹತ್ತಿರ ಬರುವ ಮೊದಲು ಒಂದು ದೊಡ್ಡ ಉಸಿರೆಳೆದುಕೊಂಡು ಕೆನ್ನೆ ಉಬ್ಬಿಸಿದಳು. ಕೈ ಕುಲುಕಿದಳು, ಸಾರಿ ಎಂಬುದನ್ನು ಮುಚ್ಚಿದ ಬಾಯೊಳಗೇ ಗುಂಯ್‌ಗುಟ್ಟಿದಳು, ಆಚೆ ದಾಟಿದ ಮೇಲೆ ಉಸಿರು ಬಿಟ್ಟಳು. ಅವಳ ಹಿಂದಿನವಳು ಅದನ್ನು ನೋಡಿದಳು, ಅವಳೂ ಕೆನ್ನೆ ಉಬ್ಬಿಸಿದಳು. ಆಮೇಲೆ ಬಂದವರೆಲ್ಲರೂ ಹಾಗೆಯೇ, ಬೆಲೂನಿನಂಥ ಮುಖ ಹೊತ್ತು, ಶಿಸ್ತಿನಿಂದ. ಕೈ ಕುಲುಕಿದವರು ನೇರ ನಳ್ಳಿಯ ಹತ್ತಿರ ಹೋಗಿ ಕೈ ತೊಳೆದರು. ಹೆಡ್‌ಮಾಸ್ಟ್ರು ಜಗಲಿಯಿಂದ ಇಳಿದು ಅವರ ಬೆನ್ನ ಕಡೆ ನಿಂತಿದ್ದರು, ಅವರಿಗೆ ಬರೀ ತಲೆಗಳು ಕಂಡವು. ಗೇಟಿನ ಪಕ್ಕ ಕೊಡೆ ಹಿಡಿದು ನಿಂತಿದ್ದ ಚಾಚನ್ ಚಪ್ಪಾಳೆ ತಟ್ಟುತ್ತಿದ್ದರು.

ಸಂಜೆ ಅವರು ಅಮ್ಮನಿಗೆ, "ಎಲ್ಲ ಸರಿ ಆಯ್ತು, ಎಂತ ಒಳ್ಳೆ ಮಕ್ಕಳು!" ಎಂದರು. ಒಂದು ಅರ್ಥದಲ್ಲಿ ಸರಿಯೇ ಆಗಿತ್ತು. ಅವತ್ತಿನಿಂದ ಯಾರೂ ಆ ಹೆಸರು ಕರೆಯಲಿಲ್ಲ, ಚೀಲ ಮುಟ್ಟಿ ಓಡಲಿಲ್ಲ, ಪೌಡರ್ ಸುರಿಯಲಿಲ್ಲ. ಅವಳು ಹತ್ತಿರ ಬಂದರೆ ಉಸಿರು ಕಟ್ಟುತ್ತಿದ್ದರು, ಅಷ್ಟೇ. ಬಾಗಿಲಲ್ಲಿ, ಮೆಟ್ಟಿಲಲ್ಲಿ, ನಳ್ಳಿಯ ಹತ್ತಿರ, ಅವಳು ದಾಟಿ ಹೋಗುವವರೆಗೆ ಕೆನ್ನೆ ಉಬ್ಬಿಸಿ ನಿಂತು ಆಮೇಲೆ ಒಟ್ಟಿಗೆ ಬಿಡುತ್ತಿದ್ದರು. ಒಂದು ಶಬ್ದವಿಲ್ಲ, ಒಂದು ಗುರುತಿಲ್ಲ. ಮಾತಾಡಿದರೆ ಉಸಿರು ಬೇಕಾಗುತ್ತದಲ್ಲ, ಹಾಗಾಗಿ ಮಾತಾಡುವುದನ್ನೂ ಬಿಟ್ಟರು. ಇದನ್ನು ಯಾರಿಗೆ ಹೋಗಿ ಹೇಳುವುದು? ಉಸಿರಾಡದೆ ನಿಂತ ಮಕ್ಕಳ ಮೇಲೆ ದೂರು ಕೊಡುವುದು ಹೇಗೆ? ಚಾಚನ್‌ಗೆ ಹೇಳಿದರೆ, "ಸಾರಿ ಹೇಳಿದ್ದಾರಲ್ಲ, ಇನ್ನೆಂತ ಮಾಡುದು ಅವರು?" ಎಂದರು.

ಒಂದು ಶನಿವಾರ ಅಮ್ಮ ಚೇಚಿಯ ತಲೆ ಬಾಚುತ್ತಿದ್ದಳು. ನಾನು ಎದುರಿಗೆ ಕೂತಿದ್ದೆ. ಅಮ್ಮ ಮುಂದಕ್ಕೆ ಬಗ್ಗಿ ಹಣೆಯ ಕೂದಲು ಸರಿಮಾಡಿದಾಗ ಚೇಚಿಯ ಕೆನ್ನೆ ಉಬ್ಬಿದ್ದು ಕಂಡಿತು. ಅಮ್ಮ ಹಿಂದೆ ಸರಿದ ಮೇಲೆ ಮೆಲ್ಲ ಉಸಿರು ಬಿಟ್ಟಳು. ನಾನು ಹತ್ತಿರ ಹೋದೆ, ಆಗಲೂ ಹಾಗೆಯೇ ಮಾಡಿದಳು. ಅಣಕಿಸುತ್ತಿದ್ದಾಳೆಂದುಕೊಂಡು ನಾನು ನಕ್ಕೆ. ಅವಳು ನಗಲಿಲ್ಲ. ತನ್ನೊಳಗಿನ ಉಸಿರೂ ನಾರುತ್ತದೆ, ಅದು ಇನ್ನೊಬ್ಬರಿಗೆ ತಾಗಬಾರದು ಎಂದು ಅವಳು ನಿಜವಾಗಿಯೂ ನಂಬಿಬಿಟ್ಟಿದ್ದಳು. ಮುಂದೆ ಯಾರು ಹತ್ತಿರ ಬಂದರೂ ಅದೇ ಆಯಿತು. ಕ್ಲಾಸಿನಲ್ಲಿ ಓದಲು ಎಬ್ಬಿಸಿದರೆ ಪುಸ್ತಕ ಹಿಡಿದು ಸುಮ್ಮನೆ ನಿಲ್ಲುತ್ತಿದ್ದಳಂತೆ, ಗದರಿಸಿದರೂ ಬಾಯಿ ತೆರೆಯುತ್ತಿರಲಿಲ್ಲವಂತೆ.

ಅಮ್ಮ ಹೊಗೆಮನೆಯ ಬೆಂಕಿ ಆರಿಸಿದಳು. ಒಂದು ಕೊಡ ನೀರು ತಂದು ಗುಂಡಿಗೆ ಸುರಿದಳು, ಸುಂಯ್ ಎಂದು ಬೂದಿ ಎದ್ದಿತು. ಇನ್ನು ಹೊಗೆ ಹಾಕದ ಹಸಿ ಶೀಟನ್ನೇ ಮಾರುವುದೆಂದು ಚಾಚನ್‌ಗೆ ಹೇಳಿದಳು, ಅವರು ಒಂದು ಮಾತೂ ಎದುರಾಡದೆ ಒಪ್ಪಿದರು. ಇಬ್ಬರೂ ಚೇಚಿಯನ್ನು ಕರೆದು ತಣ್ಣಗಾದ ಗುಂಡಿಯನ್ನು ತೋರಿಸಿದರು. ಅವಳು ನೋಡಿ ಒಳಗೆ ಹೋದಳು. ಆ ಹೊಸ್ತಿಲ ಮೇಲೆ ಕೂತು ಓದುವವರು ಇನ್ನಿರಲಿಲ್ಲ, ಬೆಚ್ಚಗಿನ ಜಾಗವೂ ಇರಲಿಲ್ಲ. ಒಂಬತ್ತನೇ ಕ್ಲಾಸಿನ ಮಳೆಗಾಲ ಶುರುವಾದಾಗ ಒಂದು ಬೆಳಿಗ್ಗೆ ಅವಳು ಯೂನಿಫಾರಂ ಹಾಕಲಿಲ್ಲ. ಚೀಲವನ್ನು ನನ್ನ ಕೈಗೆ ಕೊಟ್ಟು, ಚಾಚನ್‌ನ ಹಿಂದೆ ಹಾಲಿನ ಬಕೆಟ್ ಹಿಡಿದು ತೋಟಕ್ಕೆ ಹೋದಳು. ಅಮ್ಮ ಅತ್ತಳು, ಬೈದಳು, ಊಟ ಬಿಟ್ಟಳು. ಚಾಚನ್ ಒಂದು ದಿನ ಕೈ ಹಿಡಿದು ಎಳೆದುಕೊಂಡೇ ಶಾಲೆಯ ಗೇಟಿನವರೆಗೆ ಹೋದರು. ಅಲ್ಲಿ ಅವಳು ನೆಲಕ್ಕೆ ಕೂತುಬಿಟ್ಟಳು.

ಒಮ್ಮೆ ಕ್ಲಾಸ್ ಟೀಚರ್ ನಮ್ಮ ಮನೆಗೇ ಬಂದರು. ಚೇಚಿಯ ಪದ್ಯ ಓದುವಿಕೆಯನ್ನು ಮೆಚ್ಚಿಕೊಂಡಿದ್ದ ಟೀಚರ್, ಅವಳನ್ನು ಹೇಗಾದರೂ ಹೊರಡಿಸಬೇಕೆಂದು ಅಷ್ಟು ದೂರ ಗುಡ್ಡ ಹತ್ತಿ ಬಂದಿದ್ದರು. ಅಮ್ಮ ಬೆಳಿಗ್ಗೆಯಿಂದಲೇ ಅಂಗಳಕ್ಕೆ ಸೆಗಣಿ ಸಾರಿಸಿ, ಒಳ್ಳೆಯ ಲೋಟ ತೆಗೆದಿಟ್ಟು ಕಾದಿದ್ದಳು. ಚೇಚಿಯೂ ತಲೆ ಬಾಚಿ ಕಿಟಕಿಯ ಹತ್ತಿರ ನಿಂತಿದ್ದಳು, ಬಹಳ ದಿನದ ಮೇಲೆ ಅವಳ ಮುಖದಲ್ಲಿ ಏನೋ ಒಂದು ಆಸೆ ಕಂಡಿತ್ತು. ಟೀಚರ್ ಅಂಗಳಕ್ಕೆ ಬಂದರು. ಮೂಲೆಯಲ್ಲಿ ಒಟ್ಟುಪಾಲಿನ ಗೋಣಿಗಳಿದ್ದವು, ಅವನ್ನು ಸರಿಸುವುದು ನಮಗೆ ಯಾರಿಗೂ ಹೊಳೆದಿರಲಿಲ್ಲ. ಅವುಗಳ ಪಕ್ಕ ಬಂದಾಗ ಟೀಚರ್ ಸೆರಗನ್ನು ಮುಖಕ್ಕೆ ಒತ್ತಿಕೊಂಡರು. ಗುಡ್ಡ ಹತ್ತಿದ ಬೆವರು ಒರೆಸಿಕೊಳ್ಳಲಿಕ್ಕೇ ಇರಬಹುದು, ನನಗೆ ಹಾಗೆಯೇ ಅನಿಸುತ್ತದೆ. ತಲೆಯೆತ್ತಿ ನೋಡಿದರೆ ಕಿಟಕಿ ಮುಚ್ಚಿತ್ತು. ಟೀಚರ್ ಕಾಫಿ ಕುಡಿದು, ಮುಚ್ಚಿದ ಬಾಗಿಲಿಗೆ ತುಂಬ ಹೊತ್ತು ಬುದ್ಧಿ ಹೇಳಿ, ಕತ್ತಲಾಗುವ ಮೊದಲು ಗುಡ್ಡ ಇಳಿದರು.

ಚೇಚಿಗೆ ಸಂಪಾಜೆಯ ಕಡೆ ಮದುವೆಯಾಯಿತು. ಭಾವ ಒಳ್ಳೆಯವರು, ಅಲ್ಲೂ ರಬ್ಬರ್. ಅವಳೇ ಕತ್ತಿ ಹಿಡಿದು ಮರಕ್ಕೆ ಹೋಗುತ್ತಾಳೆ. ಆದರೆ ಕನ್ನಡ ಮಾತಾಡುವುದಿಲ್ಲ. ಸುಳ್ಯದ ಬಸ್ಸಿನಲ್ಲಿ ಕಂಡಕ್ಟರ್ ಎಲ್ಲಿಗೆ ಎಂದರೆ ಸರಿಯಾದ ಚಿಲ್ಲರೆ ನೀಡಿ ಸುಮ್ಮನಿರುತ್ತಾಳೆ, ಅವನಿಗೆ ಅವಳ ಗುರುತಿದೆ. ಅಂಗಡಿಯಲ್ಲಿ ಬೆರಳು ತೋರಿಸುತ್ತಾಳೆ. ಹರಿದ ಪೇಪರಿನ ಕತೆಗಳಿಗೆ ಕೊನೆ ಕಟ್ಟುತ್ತಿದ್ದ ಆ ಬಾಯಿಗೆ ಈಗ ಮಲಯಾಳದ ನಾಲ್ಕು ಮಾತು ಸಾಕಾಗುತ್ತದೆ. ಮದುವೆ, ಮಕ್ಕಳಿಗೆ ಜ್ಞಾನಸ್ನಾನ ಮಾಡಿಸುವ ಮಾಮೋದಿಸಗಳ ಫೋಟೋಗಳಲ್ಲಿ ಅವಳು ಯಾವಾಗಲೂ ತುದಿಯಲ್ಲಿ, ಪಕ್ಕದವರಿಂದ ಒಂದು ಕೈ ದೂರ ನಿಂತಿರುತ್ತಾಳೆ. ನನ್ನ ಮಗಳು ಚಿಕ್ಕವಳಿದ್ದಾಗ ಆಲ್ಬಂ ನೋಡುತ್ತ, "ಅಮ್ಮಾ, ದೊಡ್ಡಮ್ಮ ಎಲ್ಲ ಫೋಟೋದಲ್ಲಿಯೂ ಯಾಕೆ ಕೆನ್ನೆ ಉಬ್ಬಿಸುದು?" ಎಂದು ಕೇಳಿದ್ದಳು. ಎಂತದೋ ಹೇಳಿ ಪುಟ ಮಗುಚಿದೆ.

ಆ ಮನೆ ಈಗಿಲ್ಲ. ಚಾಚನ್ ಹೋದ ಮೇಲೆ ಮುದಿ ಮರಗಳನ್ನು ಕಡಿಸಿದೆವು, ಜಾಗ ಬೇರೆಯವರದಾಯಿತು, ಅಮ್ಮ ನನ್ನ ಜೊತೆ ಪುತ್ತೂರಿಗೆ ಬಂದಳು. ಹೊಗೆಮನೆಯ ಗೋಡೆ ಮಳೆಗೆ ಕರಗಿ ಮಣ್ಣಿನೊಂದಿಗೆ ಮಣ್ಣಾಗಿದೆ. ನಿಮ್ಮ ಬಾಲ್ಯದಲ್ಲೂ ಅಂಥ ಒಂದು ಕೋಣೆ ಇದ್ದೀತು, ಅದರ ವಾಸನೆ ನೆನಪಾದಾಗ ನಿಮಗೂ ಅಳು ಬಂದೀತು. ನನಗೆ ಅಷ್ಟು ಸಲೀಸಾಗಿ ಅಳಲೂ ಆಗುವುದಿಲ್ಲ. ನಾನು ಪ್ರೀತಿಸುವ ಆ ವಾಸನೆಯೇ ನನ್ನ ಅಕ್ಕನ ಬಾಯಿ ಮುಚ್ಚಿಸಿತು.

ಪಿಕಪ್ ಎದುರಾದ ದಿನ ಮಗಳ ಶಾಲೆಯಲ್ಲಿ ನಡೆದ ಸಭೆ ಇದೇ ವಿಷಯದ್ದು. ಮಕ್ಕಳು ಮಕ್ಕಳನ್ನು ಪೀಡಿಸುವುದನ್ನು ತಡೆಯುವುದು ಹೇಗೆ ಎಂದು ಪರದೆಯ ಮೇಲೆ ಚಿತ್ರ ತೋರಿಸಿದರು. ಗೋಡೆಯಲ್ಲಿ ದೂರಿನ ಪೆಟ್ಟಿಗೆ ಇಟ್ಟಿದ್ದಾರೆ, ಸಮಿತಿಯುಂಟು, ಆಪ್ತಸಲಹೆಯುಂಟು. ಸಂತೋಷವೇ. ಕೊನೆಗೆ ಪ್ರಿನ್ಸಿಪಾಲರು, ಹೋದ ತಿಂಗಳು ಒಂದು ಹುಡುಗಿಗೆ ಉಳಿದವರು ತುಂಬ ತೊಂದರೆ ಕೊಟ್ಟಿದ್ದರೆಂದೂ, ಅದನ್ನು ಹೇಗೆ ಬಗೆಹರಿಸಿದರೆಂದೂ ಹೆಮ್ಮೆಯಿಂದ ಹೇಳಿದರು. "ಎಲ್ಲರನ್ನೂ ಸ್ಟೇಜಿಗೆ ಕರ್ದು ಕೈ ಕುಲುಕಿಸಿ ಸಾರಿ ಹೇಳಿಸಿದೆವು. ಈಗ ಒಂದೂ ಕಂಪ್ಲೇಂಟ್ ಇಲ್ಲ." ಚಪ್ಪಾಳೆ ಬಿತ್ತು. ನಾನು ಎದ್ದು ನಿಂತು, ಆ ಹುಡುಗಿ ಈಗ ಎಂತ ಹೇಳ್ತಾಳೆ ಎಂದು ಕೇಳಿದೆ. "ಅವಳು ಎಂತದೂ ಹೇಳುದಿಲ್ಲ ಮೇಡಂ. ಪಾಪ, ಮಾತೇ ಕಮ್ಮಿ," ಎಂದರು. ಮಾತು ಹೇಗೆ ಕಮ್ಮಿಯಾಯಿತೆಂದು ಅವಳನ್ನೇ ಕೇಳಿ ಎಂದೆ. ಕೇಳೋಣ ಎಂದು ಬರೆದುಕೊಂಡರು. ಆಚೆ ಚಾ, ಬಿಸ್ಕಿಟು ಇಟ್ಟಿದ್ದರು, ಜನ ಏಳಲು ಶುರುಮಾಡಿದ್ದರು.

ಅಮ್ಮ ಹೋದದ್ದು ಅದಕ್ಕೆ ಕೆಲವು ತಿಂಗಳು ಮೊದಲು. ಕೊನೆಯ ದಿನಗಳಲ್ಲಿ ಆಸ್ಪತ್ರೆಯ ಮಂಚದಲ್ಲಿ ಮಲಗಿ ಅಂಗೈ ಮೂಸಿಕೊಳ್ಳುತ್ತಿದ್ದಳು. ಸೋಪು ಹಾಕಿ ಒರೆಸಿದರೂ, "ಹೋಗ್ಲಿಲ್ಲ ಮೋಳೆ," ಎನ್ನುತ್ತಿದ್ದಳು. ಬಾಗಿಲ ಹತ್ತಿರ ನಿಂತಿರುತ್ತಿದ್ದ ಚೇಚಿಯನ್ನು ಹತ್ತಿರ ಬಾ ಎಂದು ಕೈ ಚಾಚುತ್ತಿದ್ದಳು. ಚೇಚಿ ಒಂದು ಹೆಜ್ಜೆ ಬಂದು ನಿಲ್ಲುತ್ತಿದ್ದಳು. ನಮ್ಮೂರಿನ ಇಗರ್ಜಿಯಲ್ಲೇ ಮಣ್ಣು ಮಾಡಿದೆವು. ಪ್ರಿನ್ಸಿಯೂ ಬಂದಿದ್ದಳು. ನನ್ನ ಭುಜ ಹಿಡಿದು ಮನಸಾರೆ ಅತ್ತಳು. ಆಮೇಲೆ ಕಣ್ಣೊರೆಸಿಕೊಳ್ಳುತ್ತ, "ಲಿಸ್ಸಿ ಮುಂಚಿಂದಲೂ ಹಾಗೇ ಅಲ್ವಾ, ಯಾರ ಹತ್ರವೂ ಸೇರುದೇ ಇಲ್ಲ," ಎಂದಳು. ಅವಳಿಗೆ ನಿಜವಾಗಿಯೂ ಏನೂ ನೆನಪಿರಲಿಲ್ಲ.

ಶವಪೆಟ್ಟಿಗೆ ಮುಚ್ಚುವ ಮೊದಲು ಮನೆಯವರೆಲ್ಲ ಒಬ್ಬೊಬ್ಬರಾಗಿ ಹೋಗಿ ಹಣೆಗೆ ಮುತ್ತಿಡುವುದು ನಮ್ಮ ಕ್ರಮ. ಸಾಲು ಮುಂದೆ ಸರಿಯಿತು. ನಾನು ಮುತ್ತಿಟ್ಟು ಪಕ್ಕಕ್ಕೆ ನಿಂತೆ. ಎಲ್ಲರಿಗಿಂತ ಕೊನೆಗೆ ಚೇಚಿ ಬಂದಳು. ಪೆಟ್ಟಿಗೆಯಿಂದ ಒಂದು ಕೈ ದೂರ ನಿಂತು ಅಮ್ಮನನ್ನು ನೋಡಿದಳು. ಆಮೇಲೆ ದೊಡ್ಡದಾಗಿ ಉಸಿರೆಳೆದುಕೊಂಡು, ಕೆನ್ನೆ ಉಬ್ಬಿಸಿ, ತನ್ನ ಉಸಿರು ತಾಗದಂತೆ ಬಗ್ಗಿ, ತುಟಿಯನ್ನು ಅಮ್ಮನ ಹಣೆಗೆ ಒತ್ತಿದಳು. ಹಿಂದೆ ಸರಿದು ನನ್ನ ಪಕ್ಕ ಬಂದು ನಿಂತ ಮೇಲೆಯೇ ಉಸಿರು ಬಿಟ್ಟಳು.